ತಂಡ ಮುಚ್ಚಿದರೆ ಸ್ಟೇಡಿಯಂ ಗತಿ ಏನು?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ಗೆ ಸಂಬಂಧವೇ ಇಲ್ಲದ ಸಣ್ಣ ಬೇಸ್‌ಬಾಲ್ ತಂಡಗಳಿಗೂ ಜನರ ತೆರಿಗೆ ದುಡ್ಡಲ್ಲಿ ಸ್ಟೇಡಿಯಂ ಕಟ್ಟಿಕೊಡುತ್ತಾರಂತೆ. ತಂಡ ಮುಚ್ಚಿಹೋದರೆ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ?

ಹೌದು, ಹಾಗೆ ಆಗಿದ್ದೂ ಇದೆ. ನ್ಯೂಜೆರ್ಸಿಯ ಕ್ಯಾಮ್ಡೆನ್ ಬಡ ಊರು. ಅಲ್ಲಿ ಡೆಲವೇರ್ ನದಿ ದಂಡೆಯಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಸೇತುವೆಯ ಪಕ್ಕದಲ್ಲೇ, 2001ರಲ್ಲಿ ಕ್ಯಾಂಪ್‌ಬೆಲ್ಸ್ ಫೀಲ್ಡ್ ಶುರುವಾಯಿತು. ಖರ್ಚು ಸುಮಾರು 2.4 ಕೋಟಿ ಡಾಲರ್. ಸೀಟಲ್ಲಿ ಕೂತರೆ ನೀಲಿ ಸೇತುವೆ ಕಣ್ಣ ತುಂಬ ಕಾಣುತ್ತಿತ್ತು. ರಿವರ್‌ಶಾರ್ಕ್ಸ್ ಎಂಬ ಸ್ವತಂತ್ರ ಲೀಗ್‌ನ ತಂಡ ಅಲ್ಲಿ 2015ರವರೆಗೆ ಆಡಿತು. ಆಮೇಲೆ ಬಾಡಿಗೆ ಒಪ್ಪಂದ ಕುದುರಲಿಲ್ಲ, ತಂಡ ಹೋಯಿತು. 2018ರ ಕೊನೆಯಲ್ಲಿ ಕೆಡವುವ ಯಂತ್ರಗಳು ಬಂದವು. ಸ್ಟೇಡಿಯಂಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಹೀಗೆ ಯಾಕಾಗುತ್ತದೆ? ದೊಡ್ಡ ತಂಡದ ಕೆಳಗಿರುವ ಮೈನರ್ ಲೀಗ್ ತಂಡವಾದರೆ ಆಟಗಾರರ ಸಂಬಳ ಮೇಲಿನ ತಂಡವೇ ಕೊಡುತ್ತದೆ. ಯಾವ ದೊಡ್ಡ ತಂಡದ ಕೆಳಗೂ ಇಲ್ಲದ ಸ್ವತಂತ್ರ ಲೀಗ್‌ನಲ್ಲಿ ಆ ಆಸರೆ ಇಲ್ಲ. ಸಂಬಳ, ಬಸ್ಸು, ಚೆಂಡು ಎಲ್ಲವೂ ಟಿಕೆಟ್, ಬಿಯರ್, ಹಾಟ್‌ಡಾಗ್, ಗೋಡೆ ಮೇಲಿನ ಜಾಹೀರಾತಿನ ದುಡ್ಡಲ್ಲೇ ಆಗಬೇಕು. ಬೇಸಿಗೆಯಲ್ಲಿ ಸ್ವಂತ ಮೈದಾನದಲ್ಲಿ ಸಿಗುವುದು ಸುಮಾರು 50ರಿಂದ 70 ಪಂದ್ಯ. ಒಂದೆರಡು ವರ್ಷ ಜನ ಬರಲಿಲ್ಲ ಅಂದರೆ ಕಷ್ಟ. ತಂಡ ಇರಲಿ, ಇಡೀ ಲೀಗೇ ಮುಚ್ಚಿದ್ದುಂಟು.

ಈ ಅಪಾಯ ಗೊತ್ತಿದ್ದೂ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರ, ಆಗ ಸ್ವತಂತ್ರವಾಗಿದ್ದ ಸೇಂಟ್ಸ್ ತಂಡಕ್ಕೆ ಸಿಎಚ್‌ಎಸ್ ಫೀಲ್ಡ್ ಎಂಬ ಸ್ಟೇಡಿಯಂ ಕಟ್ಟಿಸಿತು. ಇದು ನನಗೆ ಬಹಳ ಇಷ್ಟದ ಕಥೆ. 1993ರಲ್ಲಿ ಶುರುವಾದ ಸೇಂಟ್ಸ್ ಆಗ ಆಡುತ್ತಿದ್ದದ್ದು ರೈಲು ಹಳಿ ಪಕ್ಕದ ಮಿಡ್‌ವೇ ಸ್ಟೇಡಿಯಂನಲ್ಲಿ. ಅಂಪೈರ್‌ಗೆ ಚೆಂಡು ತಂದುಕೊಡಲು ಪ್ರತಿ ವರ್ಷ ಒಂದು ಹಂದಿಮರಿಯನ್ನು ಸಾಕುವ ತಂಡ ಇದು. ಜನಕ್ಕೆ ಅದರ ಮೇಲೆ ಅಷ್ಟು ಪ್ರೀತಿ.

ಹೊಸ ಸ್ಟೇಡಿಯಂಗೆ ಆರಿಸಿದ್ದು ಊರ ನಡುವಿನ ಲೋವರ್‌ಟೌನ್ ಎಂಬ ಬಡಾವಣೆಯಲ್ಲಿ ಪಾಳು ಬಿದ್ದಿದ್ದ ಒಂದು ಕಾರ್ಖಾನೆ ಜಾಗ. ಹಿಂದೆ ಅಲ್ಲಿ ಜಿಲೆಟ್ ಕಂಪನಿಯ ಕಾರ್ಖಾನೆ ಇತ್ತು. ಹಳೆ ಮೈದಾನದ ಜಾಗವನ್ನು ಪೋರ್ಟ್ ಅಥಾರಿಟಿ ಎಂಬ ಸರ್ಕಾರಿ ಅಭಿವೃದ್ಧಿ ಸಂಸ್ಥೆಗೆ ಕೊಟ್ಟು, ಬದಲಿಗೆ ಇದನ್ನು ತೆಗೆದುಕೊಂಡರು. 2012ರಲ್ಲಿ ರಾಜ್ಯ ಸರ್ಕಾರ 2.5 ಕೋಟಿ ಡಾಲರ್ ಕೊಟ್ಟಿತು. ಉಳಿದದ್ದು ನಗರದ್ದು ಮತ್ತು ತಂಡದ್ದು. ತಂಡದ ಪಾಲಿನಲ್ಲಿ ಜಾಸ್ತಿ ಭಾಗ ವರ್ಷ ವರ್ಷ ಕಟ್ಟುವ ಬಾಡಿಗೆ. ಮೊದಲ ಅಂದಾಜು 5.4 ಕೋಟಿ ಡಾಲರ್. ಅಗೆಯುತ್ತಾ ಹೋದಂತೆ ಹಳೆ ಕಟ್ಟಡಗಳ ಅವಶೇಷ, ವಿಷ ಸೇರಿದ ಮಣ್ಣು ಸಿಕ್ಕಿತು. ಖರ್ಚು 6.3 ಕೋಟಿ ದಾಟಿತು. ಹೆಚ್ಚಾದ ಹೊರೆ ಬಹುಪಾಲು ಬಿದ್ದದ್ದು ನಗರದ ಮೇಲೆ. ಜನ ಬೈದರು, ಬೈದದ್ದು ಸರಿಯೇ. ಆದರೆ ಆ ಮಣ್ಣನ್ನು ಇವತ್ತಲ್ಲ ನಾಳೆ ಯಾರಾದರೂ ತೆಗೆಯಲೇಬೇಕಿತ್ತು. ಬೇಸ್‌ಬಾಲ್ ನೆಪದಲ್ಲಿ ಊರ ನಡುವಿನ ಒಂದು ಹುಣ್ಣು ವಾಸಿಯಾಯಿತು.

2015ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಸೀಟು 7,210. ಮೈದಾನವನ್ನು ರಸ್ತೆಗಿಂತ ಕೆಳಗೆ ಇಳಿಸಿ ಕಟ್ಟಿದ್ದಾರೆ. ಹಾಗಾಗಿ ಮೆಟ್ಟಿಲು ಹತ್ತುವ ಗೋಜಿಲ್ಲ. ಗೇಟು ದಾಟಿದರೆ ಸಾಕು, ಹಸಿರು ಹುಲ್ಲು ಕಾಲ ಕೆಳಗೇ ಹರಡಿರುತ್ತದೆ. ಸುತ್ತಲೂ ನಡೆಯುತ್ತಾ ಆಟ ನೋಡಬಹುದು. ಪಕ್ಕದಲ್ಲೇ ರೈತರ ಸಂತೆ. ಇನ್ನೊಂದು ಪಕ್ಕದಲ್ಲಿ ಮೆಟ್ರೋ ರೈಲುಗಳ ರಿಪೇರಿ ಶೆಡ್ಡು. ಮಳೆ ಬಂದಾಗ ಆ ಶೆಡ್ಡಿನ ಚಾವಣಿ ನೀರು ಸುಮಾರು ಒಂದು ಲಕ್ಷ ಲೀಟರಿನ ತೊಟ್ಟಿಗೆ ಇಳಿಯುತ್ತದೆ. ಹುಲ್ಲಿಗೂ ಅದೇ, ಶೌಚಾಲಯಕ್ಕೂ ಅದೇ. ಎರಡು ಕಟ್ಟಡದವರು ಮಾತಾಡಿಕೊಂಡು ಮಾಡಿದ ಇಂಥ ಕೆಲಸ ಕಂಡರೆ ನಿಜಕ್ಕೂ ಖುಷಿಯಾಗುತ್ತದೆ.

ಕಳೆದುಕೊಂಡದ್ದೂ ಇದೆ. ಮಿಡ್‌ವೇಯ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಆಟಕ್ಕೆ ಮುಂಚೆ ಒಲೆ ಹಚ್ಚಿ, ಕಾರಿನ ಹಿಂದೆ ಕೂತು ಉಣ್ಣುತ್ತಿದ್ದವರಿಗೆ ಇಲ್ಲಿ ಅಂಥ ಜಾಗವಿಲ್ಲ.

ಹಾಗಾದರೆ ನಿಮ್ಮ ಪ್ರಶ್ನೆಗೆ ಬರೋಣ. ಸೇಂಟ್ ಪಾಲ್‌ನಲ್ಲಿ ಸ್ಟೇಡಿಯಂ ನಗರದ ಆಸ್ತಿ, ತಂಡ ಬರೀ ಬಾಡಿಗೆದಾರ. ಹ್ಯಾಮ್‌ಲಿನ್ ವಿಶ್ವವಿದ್ಯಾಲಯದ ತಂಡವೂ ಅಲ್ಲೇ ಆಡುತ್ತದೆ. ಆದರೆ ಕ್ಯಾಮ್ಡೆನ್‌ನಲ್ಲೂ ರಟ್ಗರ್ಸ್ ಕಾಲೇಜು ತಂಡ ಆಡುತ್ತಿತ್ತು, ಅದೊಂದೇ ಸ್ಟೇಡಿಯಂ ಉಳಿಸಲಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಇರುವುದು ತಂಡದ ಬೇರಲ್ಲಿ. ಸೇಂಟ್ಸ್ ಹಳೆ ಮೈದಾನದಲ್ಲಿ ಇಪ್ಪತ್ತು ವರ್ಷ ಜನರನ್ನು ಸೇರಿಸಿ ತೋರಿಸಿದ ಮೇಲೆ ಹೊಸದು ಬಂತು. ಕ್ಯಾಮ್ಡೆನ್‌ನಲ್ಲಿ ಸ್ಟೇಡಿಯಂ ಮೊದಲು, ಜನ ಆಮೇಲೆ ಎಂಬ ಲೆಕ್ಕವಿತ್ತು.

2021ರಿಂದ ಸೇಂಟ್ಸ್ ಸ್ವತಂತ್ರ ತಂಡವಲ್ಲ. ಮಿನೆಸೋಟಾ ಟ್ವಿನ್ಸ್ ಎಂಬ ಮೇಜರ್ ಲೀಗ್ ತಂಡದ ಕೆಳಗಿನ ಟ್ರಿಪಲ್-ಎ ತಂಡ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಬಾಕಿ. ಆಡುವುದು ಮಾತ್ರ ಅದೇ ಲೋವರ್‌ಟೌನ್ ಮೈದಾನದಲ್ಲಿ. ಹಂದಿಮರಿಯೂ ಜೊತೆಗೇ ಇದೆ.