ಗಂಧದೆಣ್ಣೆಯ ಮೂರು ಕಾಲಿನ ಜಡೆ

ಶ್ರೀಗಂಧದ ಸಸಿಯೊಂದನ್ನು ಒಂಟಿಯಾಗಿ ನೆಟ್ಟು ನೋಡಿ. ಸ್ವಲ್ಪ ದಿನ ಹೇಗೋ ಬದುಕುತ್ತದೆ, ಆಮೇಲೆ ಸೊರಗುತ್ತದೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಗಿಡ ಬೇಕು. ಅದಕ್ಕೇ ನರ್ಸರಿಯವರು ಸಸಿಯ ಜೊತೆಗೆ ಒಂದು ತೊಗರಿ ಬೀಜವನ್ನೂ ಊರುತ್ತಾರೆ. ಮಣ್ಣಿನೊಳಗೆ ಗಂಧದ ಬೇರು ತೊಗರಿಯ ಬೇರನ್ನು ಹುಡುಕಿಕೊಂಡು ಹೋಗಿ, ಸಣ್ಣ ಗಂಟಿನಂಥ ಅಂಗದಿಂದ ಕಚ್ಚಿಕೊಂಡು, ನೀರು ಮತ್ತು ಲವಣ ಎಳೆದುಕೊಳ್ಳುತ್ತದೆ. ಎಲೆ ಹಸಿರಾಗಿಯೇ ಇರುತ್ತದೆ. ಅಂದರೆ ಅಡುಗೆ ತನ್ನದೇ, ಸಾಮಾನು ಮಾತ್ರ ಪಕ್ಕದ ಮನೆಯದು.

ಈ ಮರದ ಎಣ್ಣೆ ತೆಗೆಯುವುದನ್ನು ಮೈಸೂರು ಸಂಸ್ಥಾನ ಕಲಿತದ್ದೂ ಹೆಚ್ಚುಕಡಿಮೆ ಹೀಗೇ, ಒಬ್ಬರ ಬೇರು ಇನ್ನೊಬ್ಬರಿಗೆ ತಾಗಿ. ಊರಿನ ಕಾರ್ಖಾನೆ, ಕಾಲೇಜು, ಸರ್ಕಾರ ಒಟ್ಟಿಗೆ ಕೆಲಸ ಮಾಡಿದರೆ ಹೊಸದು ಹುಟ್ಟುತ್ತದೆ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ಒಪ್ಪಂದಕ್ಕೆ ಸಹಿ ಹಾಕಿ, ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಅದು ನೂರ ಹತ್ತು ವರ್ಷದ ಹಿಂದೆ ಫೋಟೋ ಇಲ್ಲದೆ ನಡೆದಿತ್ತು.

1914ಕ್ಕೆ ಮೊದಲು ವ್ಯಾಪಾರ ಸರಳವಾಗಿತ್ತು. ಟಿಪ್ಪುವಿನ ಕಾಲದಿಂದಲೂ ಗಂಧ ಅಂದರೆ ಅರಸರ ಮರ. ಅರಣ್ಯ ಇಲಾಖೆ ಮರವನ್ನು ಬೇರು ಸಮೇತ ಕೀಳಿಸಿ ಕೋಠಿಗಳಲ್ಲಿ ಜೋಡಿಸಿಡುತ್ತಿತ್ತು. ಹಾಸನದಲ್ಲಿ ಗಂಧದ ಕೋಠಿ ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಕಡಿಯದೆ ಕೀಳುವುದು ಯಾಕೆ ಗೊತ್ತಾ? ಬೇರಿನಲ್ಲೇ ಎಣ್ಣೆ ಜಾಸ್ತಿ. ಕೊರಡುಗಳು ಹರಾಜಾಗಿ ಹಡಗು ಹತ್ತುತ್ತಿದ್ದವು. ದೊಡ್ಡ ಗಿರಾಕಿ ಜರ್ಮನಿ. ಎಣ್ಣೆ ತೆಗೆಯುವ ಕೆಲಸ, ಅದರ ಲಾಭ ಎರಡೂ ಅಲ್ಲಿಯದೇ. ಮಹಾಯುದ್ಧ ಶುರುವಾದ ಮೇಲೆ ಹಡಗು ನಿಂತಿತು. ಖಜಾನೆಗೆ ಒಳ್ಳೆಯ ಆದಾಯ ತರುತ್ತಿದ್ದ ಕೊರಡುಗಳು ಕೋಠಿಗಳಲ್ಲೇ ರಾಶಿ ಬಿದ್ದವು.

ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಕೈಗಾರಿಕೆ ಇಲಾಖೆಯ ಮುಖ್ಯಸ್ಥರು ಆಲ್ಫ್ರೆಡ್ ಚಾಟರ್ಟನ್. ಮದ್ರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಚರ್ಮ ಅಂತ ಹತ್ತಾರು ಪ್ರಯೋಗ ಮಾಡಿ ಬಂದ ಮನುಷ್ಯ. ಊರಿನ ಇನ್ನೊಂದು ತುದಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. ಹಳೇ ಬೆಂಗಳೂರಿಗರ ಬಾಯಲ್ಲಿ ಈಗಲೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಅದೂ ಒಬ್ಬರ ಕೈಯಲ್ಲಿ ಆದದ್ದಲ್ಲ. ಕನಸು ಮತ್ತು ಆಸ್ತಿ ಜಮ್‌ಸೇಟ್‌ಜಿ ಟಾಟಾ ಅವರದು, 371 ಎಕರೆ ಜಾಗ ಮೈಸೂರು ಅರಮನೆಯದು. ಪಾಠ ಶುರುವಾದದ್ದು 1911ರಲ್ಲಿ. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ವಿಲಿಯಂ ರಾಮ್ಸೆ ಜೊತೆ ಸೇರಿ ನಿಯಾನ್ ಅನಿಲವನ್ನು ಕಂಡುಹಿಡಿದವರು. ಅಲ್ಲಿದ್ದ ರಸಾಯನ ವಿಜ್ಞಾನಿ ಎಚ್. ಇ. ವಾಟ್ಸನ್ ಕೂಡ ಅದೇ ನಿಯಾನಿನ ತೂಕ ಅಳೆದು ಬಂದವರು. ಇಂಥವರ ಮುಂದೆ ಚಾಟರ್ಟನ್ ಇಲಾಖೆ ತಂದಿಟ್ಟದ್ದು ಗಂಧದ ಕೊರಡು.

ವಾಟ್ಸನ್ ಮತ್ತು ಸಾವಯವ ರಸಾಯನದ ಪ್ರೊಫೆಸರ್ ಸಡ್‌ಬರೋ ಕೆಲಸಕ್ಕೆ ಇಳಿದರು. ಎಣ್ಣೆ ಇರುವುದು ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ. ಅದರಲ್ಲಿ ಹೆಚ್ಚಿನ ಪಾಲು ಸ್ಯಾಂಟಲಾಲ್ ಅನ್ನುವ ವಸ್ತು. ಅದನ್ನು ಒಂಟಿಯಾಗಿ ಕುದಿಸಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಕಾಯಿಸಿದರೆ ಪುಡಿ ಸೀದು, ಪರಿಮಳದ ಬದಲು ಸುಟ್ಟ ವಾಸನೆ ಬರುತ್ತದೆ. ಹಬೆ ಹಾಯಿಸುವುದು ಇದಕ್ಕೆ ಉಪಾಯ. ಎಣ್ಣೆ, ನೀರು ಒಂದಕ್ಕೊಂದು ಬೆರೆಯುವುದಿಲ್ಲ, ಹಾಗಾಗಿ ಎರಡೂ ತಮ್ಮ ಪಾಡಿಗೆ ತಾವು ಆವಿ ಬಿಡುತ್ತವೆ. ಎರಡು ಆವಿಗಳ ಒತ್ತಡ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಕುದಿ ಬರುತ್ತದೆ. 100 ಡಿಗ್ರಿಯ ಆಸುಪಾಸಿನಲ್ಲೇ ಸ್ಯಾಂಟಲಾಲ್ ಹಬೆಯ ಬೆನ್ನೇರಿ ಹೊರಡುತ್ತದೆ. ತಣಿಸಿದರೆ ನೀರು ಬೇರೆ, ಎಣ್ಣೆ ಬೇರೆ. ಆದರೆ ಆ ಆವಿಯಲ್ಲಿ ಎಣ್ಣೆಯ ಪಾಲು ತೀರಾ ಕಮ್ಮಿ. ಆದ್ದರಿಂದ ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ಹಬೆ ಹಾಯಿಸಬೇಕು.

ಈ ತತ್ವ ಆಗಲೂ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇಲ್ಲದಿದ್ದದ್ದು ಬೇರೆ: ಚೇಗನ್ನು ಎಷ್ಟು ನುಣ್ಣಗೆ ಪುಡಿ ಮಾಡಬೇಕು, ಹಬೆಯ ಒತ್ತಡ ಎಷ್ಟಿರಬೇಕು, ಯಾವಾಗ ಒಲೆ ಆರಿಸಿದರೆ ಸೌದೆಯ ಖರ್ಚು ಎಣ್ಣೆಯ ಬೆಲೆಯನ್ನು ಮೀರುವುದಿಲ್ಲ. ಇದೆಲ್ಲ ಬಾಂಡಲಿ ಮುಂದೆ ನಿಂತವರಿಗೆ ಮಾತ್ರ ಗೊತ್ತಾಗುವ ಸಂಗತಿ. ಒಬ್ಬಟ್ಟಿನ ಕಣಕದ ಹದ ಇದ್ದ ಹಾಗೆ. ಅಜ್ಜಿ ಎಷ್ಟು ಹೇಳಿದರೂ ಪಕ್ಕ ನಿಂತು ಕೈ ಹಾಕದೆ ಬರುವುದಿಲ್ಲ, ಅಲ್ವಾ? ಇನ್‌ಸ್ಟಿಟ್ಯೂಟಿನ ಪ್ರಯೋಗ ಗೆದ್ದಿತು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ಬಂತು, ಬೆನ್ನಿಗೇ ಮೈಸೂರಿನಲ್ಲಿ ದೊಡ್ಡದು.

ಎಣ್ಣೆ ಆಯಿತು, ಮುಂದೆ? ಸೋಸಲೆ ಗರಳಪುರಿ ಶಾಸ್ತ್ರಿ ಅನ್ನುವ ತರುಣ ರಸಾಯನ ವಿಜ್ಞಾನಿಯನ್ನು ಸರ್ಕಾರ ಸಾಬೂನು ಕಲಿಯಲು ಇಂಗ್ಲೆಂಡಿಗೆ ಕಳಿಸಿತು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಯಿತು. ಅವರು 'ಸೋಪ್ ಶಾಸ್ತ್ರಿ' ಅಂತಲೇ ಹೆಸರಾದರು. ಸಿಂಹದ ಮೈ, ಆನೆಯ ತಲೆ ಇರುವ ಶರಭದ ಗುರುತಿನ ಮೈಸೂರು ಸ್ಯಾಂಡಲ್ ಸೋಪು ಹಾಗೆ ಬಂದದ್ದು. ನಮ್ಮಜ್ಜಿ ಅದರ ಖಾಲಿ ಡಬ್ಬಿಯನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ಸೋಪು ಮುಗಿದು ವರ್ಷವಾದರೂ ಟ್ರಂಕು ಘಮಘಮ.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಜಾಲ ಅಂತ ನಾನು ಕರೆಯುತ್ತಿರಲಿಲ್ಲ. ಒಮ್ಮೆ ಕೇಳಿ, ಒಮ್ಮೆ ಕೊಟ್ಟು, ಎದ್ದು ಹೋದರೆ ಅದು ಸುಮ್ನೆ ವ್ಯವಹಾರ. ಆದರೆ ತಕರಾರೊಂದು ವಾಪಸ್ ಬಂತು. ಕಾಡಿನಲ್ಲಿ ಗಂಧದ ಮರಗಳು ಸಾಯುತ್ತಿದ್ದವು. ಎಲೆ ಚಿಕ್ಕದಾಗಿ, ಒತ್ತೊತ್ತಾಗಿ, ಕೊಂಬೆ ಮುಳ್ಳಿನ ಕಡ್ಡಿಯಂತೆ ಆಗುವ ಸ್ಪೈಕ್ ರೋಗ. ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಲ್ಲಿ. ಮರ ಹೋದರೆ ಎಣ್ಣೆ ಎಲ್ಲಿ, ಸೋಪು ಎಲ್ಲಿ? ಪ್ರಶ್ನೆ ಮತ್ತೆ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಬಂತು. ಈ ಸಲ ಎಣ್ಣೆಯವರ ಹತ್ತಿರ ಅಲ್ಲ, ಜೀವರಸಾಯನದವರ ಹತ್ತಿರ. ಎಂ. ಶ್ರೀನಿವಾಸಯ್ಯ ಮತ್ತು ಜೊತೆಗಾರರು ಅದರ ಬೆನ್ನು ಹತ್ತಿದರು. ರೋಗಾಣುವಿನ ಮುಖ ಕಂಡದ್ದು ಮಾತ್ರ 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ. ಅದು ಈಗ ಫೈಟೋಪ್ಲಾಸ್ಮಾ ಅಂತ ಕರೆಯುವ, ಕೋಶಭಿತ್ತಿ ಇಲ್ಲದ ಬ್ಯಾಕ್ಟೀರಿಯಾ. ಉತ್ತರ ತಡವಾಗಿ ಬಂತು, ನಿಜ. ಆದರೆ ಪ್ರಶ್ನೆ ಯಾರ ಹತ್ತಿರ ಒಯ್ಯಬೇಕು ಅನ್ನುವುದು ಊರಿಗೆ ಗೊತ್ತಿತ್ತು.

ಇಂಥ ಕೂಟಕ್ಕೆ ಹೆಸರು ಸಿಕ್ಕಿದ್ದು 1990ರ ದಶಕದಲ್ಲಿ. ಹೆನ್ರಿ ಎಟ್ಸ್‌ಕೊವಿಟ್ಸ್ ಮತ್ತು ಲೂಟ್ ಲೇಡೆಸ್‌ಡಾರ್ಫ್ ಅನ್ನುವ ಇಬ್ಬರು ಸಮಾಜ ವಿಜ್ಞಾನಿಗಳು 'ಟ್ರಿಪಲ್ ಹೀಲಿಕ್ಸ್' ಅಂದರು. ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರ ಅನ್ನುವ ಮೂರು ಸುರುಳಿಗಳು ಒಂದರ ಸುತ್ತ ಒಂದು. ನನಗೆ ಇದು ನಮ್ಮ ಮೂರು ಕಾಲಿನ ಜಡೆಯ ಹಾಗೆ ಕಾಣುತ್ತದೆ. ಹೆಣೆಯುವಾಗ ಒಂದೊಂದು ಕಾಲೂ ಸರದಿಯ ಮೇಲೆ ನಡುವಿಗೆ ಬರಬೇಕು. ಗಂಧದ ವಿಷಯದಲ್ಲಿ ಒಂದು ಕೊಂಕು ಇದೆ, ಹೇಳಿಬಿಡುತ್ತೇನೆ. ಇಲ್ಲಿ ಉದ್ಯಮಿಯೂ ಸರ್ಕಾರವೇ. ಮರ ಅದರದು, ಕಾರ್ಖಾನೆ ಅದರದು, ಅಂಗಡಿಯೂ ಅದರದೇ. ಇದರ ಕಥೆ ಆಮೇಲೆ.

ಖಾಸಗಿ ಉದ್ಯಮಿಯ ಕಾಲು ಸರಿಯಾಗಿ ಸೇರಿದ್ದು ವಿಮಾನದಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು 700 ಎಕರೆ ಕೊಟ್ಟು ಬಂಡವಾಳವನ್ನೂ ಹಾಕಿತು. ಅದೇ ಇವತ್ತಿನ ಎಚ್‌ಎಎಲ್. ಎರಡೇ ವರ್ಷಕ್ಕೆ, 1942ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅಲ್ಲಿ ಕಲಿಸುತ್ತಿದ್ದವರು ವಿ. ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಕಲಿತವರು. ಅವರು ಆಮೇಲೆ ಎಚ್‌ಎಎಲ್‌ಗೇ ಹೋಗಿ ಎಚ್‌ಟಿ-2 ಅನ್ನುವ ತರಬೇತಿ ವಿಮಾನ ರೂಪಿಸಿದರು. 1951ರಲ್ಲಿ ಅದು ಹಾರಿತು. ಹತ್ತಾರು ವರದಿ ಬರೆದು ಕಳಿಸಿದರೂ ಆಗದ ಕೆಲಸ, ಒಬ್ಬ ಮನುಷ್ಯ ಊರಿನ ಈ ಕಡೆಯಿಂದ ಆ ಕಡೆಗೆ ಕೆಲಸ ಬದಲಿಸಿದರೆ ಆಗುತ್ತದೆ.

ಊರು ಅನ್ನುವುದಕ್ಕೆ ಇಷ್ಟು ಮಹತ್ವ ಯಾಕೆ? ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ಗಮನಿಸಿದ್ದರು: ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ಕಸುಬಿನ ಗುಟ್ಟು ಗಾಳಿಯಲ್ಲೇ ತೇಲುತ್ತದೆ, ಮಕ್ಕಳು ಗೊತ್ತಿಲ್ಲದೆ ಕಲಿಯುತ್ತವೆ. ಗಾಳಿಯನ್ನು ಅಳೆಯುವುದು ಹೇಗೆ? 1993ರಲ್ಲಿ ಮೂವರು ಸಂಶೋಧಕರು ಅಮೆರಿಕದ ಪೇಟೆಂಟುಗಳನ್ನು ಹಿಡಿದುಕೊಂಡರು. ಪ್ರತಿ ಪೇಟೆಂಟೂ ತಾನು ಯಾವ ಹಳೆಯ ಪೇಟೆಂಟಿನ ಹೆಗಲೇರಿದೆ ಅಂತ ಬರೆಯುತ್ತದಲ್ಲ, ಆ ಜಾಡು ನೋಡಿದರು. ಒಂದೇ ವಿಷಯದ ಬೇರೆ ಪೇಟೆಂಟುಗಳಿಗೆ ಹೋಲಿಸಿದಾಗಲೂ ಅದೇ ಊರಿನ, ಅದೇ ರಾಜ್ಯದ ಪೇಟೆಂಟನ್ನು ಉಲ್ಲೇಖಿಸುವುದು ಹೆಚ್ಚಾಗಿ ಕಂಡಿತು. ಅಚ್ಚಾದ, ಯಾರು ಬೇಕಾದರೂ ಓದಬಹುದಾದ ವಿದ್ಯೆಯೂ ಮೊದಲು ಪಕ್ಕದ ಬೀದಿಗೇ ಹೋಗುತ್ತದೆ.

ಈಗ ಆ ಕೊಂಕಿಗೆ ಬರೋಣ. ಗಂಧದ ಜಡೆ ಇಷ್ಟು ಬಿಗಿಯಾಗಿತ್ತಲ್ಲ, ಮತ್ತೆ ಮರ ಎಲ್ಲಿ ಹೋಯಿತು? ರೋಗ ಒಂದು ಪಾಲು ತಿಂದಿತು, ಕಳ್ಳಸಾಗಣೆ ದೊಡ್ಡ ಪಾಲು ತಿಂದಿತು. ಆದರೆ ಮೂರನೆಯ ಕಾರಣ ಜಡೆಯಲ್ಲೇ ಇತ್ತು. ರೈತನ ಜಮೀನಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದೇ. ಬೆಳೆಸುವವನಿಗೆ ಹಕ್ಕಿಲ್ಲ, ಮರ ಕಳುವಾದರೆ ಪೊಲೀಸು, ಅರಣ್ಯ ಇಲಾಖೆ ಅಂತ ಅಲೆದಾಟ ಮಾತ್ರ ಅವನದು. ಬೇಲಿಯಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತರೆ ಎಷ್ಟೋ ಜನ ಸದ್ದಿಲ್ಲದೆ ಕಿತ್ತು ಬಿಸಾಕುತ್ತಿದ್ದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಸರ್ಕಾರ, ಪ್ರಯೋಗಶಾಲೆ, ಕಾರ್ಖಾನೆ ಮೂರೂ ಮಾತಾಡಿಕೊಂಡವು. ಮರ ನಿಂತಿದ್ದ ನೆಲದವನನ್ನು ಯಾರೂ ಕರೆಯಲಿಲ್ಲ. ಟ್ರಿಪಲ್ ಹೀಲಿಕ್ಸ್‌ಗೆ ನಾಲ್ಕನೆಯ ಎಳೆಯಾಗಿ ಸಮಾಜವನ್ನೂ ಸೇರಿಸಬೇಕು ಅಂತ ವಿದ್ವಾಂಸರು ಆಮೇಲೆ ಬರೆದರು. ಬೇಲಿಯ ಸಸಿಗಳು ಅದನ್ನು ಎಷ್ಟೋ ಮೊದಲೇ ಹೇಳಿದ್ದವು.

ಕರ್ನಾಟಕದಲ್ಲಿ ಕಾನೂನು ಬದಲಾಗಿ, ತನ್ನ ಜಮೀನಿನ ಗಂಧ ತನ್ನದು ಅನ್ನುವ ಹಕ್ಕು ರೈತನಿಗೆ ಸಿಕ್ಕಿದ್ದು 2001ರಲ್ಲಿ. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುನುನರಾ ಬಳಿ ನಮ್ಮದೇ ಜಾತಿಯ ಶ್ರೀಗಂಧದ ದೊಡ್ಡ ತೋಟಗಳು ಏಳತೊಡಗಿದ್ದವು. ಇಲ್ಲಿ ಈಗ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ರೈತರಿಗೆ ಗಂಧ ಬೆಳೆಯುವ ತರಬೇತಿ ಕೊಡುತ್ತದೆ, ಟಾಟಾ ಇನ್‌ಸ್ಟಿಟ್ಯೂಟಿನಿಂದ ನಡೆದು ಹೋಗುವಷ್ಟೇ ದೂರದಲ್ಲಿ. ಯಾವ ಗಿಡವನ್ನು ಜೊತೆಗೆ ನೆಡಬೇಕು, ನೀರು ಎಷ್ಟು ಅಂತೆಲ್ಲ ಅಲ್ಲಿ ಹೇಳಿಕೊಡುತ್ತಾರೆ. ಚೇಗು ಕಟ್ಟಲು ಹತ್ತು ಹದಿನೈದು ವರ್ಷ ಬೇಕು. ಅಲ್ಲಿಯತನಕ ಮುಳ್ಳುತಂತಿ, ನಾಯಿ, ಸಿಸಿಟಿವಿ, ರಾತ್ರಿ ಟಾರ್ಚು ಹಿಡಿದು ಒಂದು ಸುತ್ತು. ಕಾಂಡಕ್ಕೆ ಗರಗಸ ತಾಗಿದ ಕೂಡಲೇ ಸುದ್ದಿ ಮುಟ್ಟಿಸುವ ಸೆನ್ಸರುಗಳ ಮೇಲೂ ಕೆಲಸ ನಡೆದಿದೆ. ತೊಗರಿ ಮಾತ್ರ ಮೊದಲ ಒಂದೆರಡು ವರ್ಷದಲ್ಲೇ ಒಣಗಿಹೋಗುತ್ತದೆ. ಅಷ್ಟು ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಮರ ನೆಟ್ಟಿರಬೇಕು.