ಎಲುಬು ಕೂಡಿಸುವ ತಾರೀಖು ಹೇಳುವುದು ತಲೆಯ ಚರ್ಮ

ಅಪಘಾತದಲ್ಲಿ ಮೆದುಳಿಗೆ ಬಾವು ಬಂದಾಗ, ಇಲ್ಲವೇ ದೊಡ್ಡ ಪಾರ್ಶ್ವವಾಯು ಹೊಡೆದಾಗ, ಜೀವ ಉಳಿಸಲು ತಲೆಬುರುಡೆಯ ಒಂದು ಪಾಲನ್ನು ತೆಗೆದಿಡುತ್ತಾರೆ. ಅದು ಸಣ್ಣ ತುಂಡಲ್ಲ. ದೊಡ್ಡವರಲ್ಲಿ ಸುಮಾರು 12 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ರೋಗಿ ಚೇತರಿಸಿಕೊಂಡು ಎದ್ದು ಕೂತು ಮಾತಾಡತೊಡಗಿದ ಮೇಲೆ ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ತೋರಿಸಲು ಬರುವ ಮನೆಯವರ ಮೊದಲ ಪ್ರಶ್ನೆ ಒಂದೇ: "ಸಾಹೇಬ್ರ, ಎಲುಬು ಯಾವಾಗ ಕೂಡಸ್ತೀರಿ?"

ಕ್ಯಾಲೆಂಡರ್ ನೋಡಿ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಎಲುಬಿಲ್ಲದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ರೋಗಿ ಕೂತಾಗ ಅಲ್ಲಿಯ ಚರ್ಮ ತುಸು ಒಳಗೆ ಹೋಗಿ, ಮಲಗಿದಾಗ ಸಮಕ್ಕೆ ಬರುತ್ತಿದ್ದರೆ, ಮುಟ್ಟಿದರೆ ಮೆತ್ತಗಿದ್ದರೆ, ಮೆದುಳಿನ ಬಾವು ಇಳಿದಿದೆ ಎಂದರ್ಥ. ಕೂತಾಗಲೂ ಉಬ್ಬಿಕೊಂಡು ಬಿಗಿಯಾಗಿದ್ದರೆ ಒಳಗೆ ನೀರು ತುಂಬುತ್ತಿರಬಹುದು. ಮೊದಲು ಸಿಟಿ ಸ್ಕ್ಯಾನ್, ಬೇಕಾದರೆ ಆ ನೀರಿಗೆ ದಾರಿ ಮಾಡುವ ಶಂಟ್ ಎಂಬ ಕೊಳವೆ. ಉಬ್ಬಿದ ಮೆದುಳಿನ ಮೇಲೆ ಮುಚ್ಚಳ ಒತ್ತಿ ಕೂರಿಸಲು ಆಗದು. ಇದಕ್ಕೆ ತದ್ವಿರುದ್ಧವಾಗಿ ಚರ್ಮ ಬಟ್ಟಲಿನಂತೆ ಆಳಕ್ಕೆ ಕುಸಿದು, ನಿಂತರೆ ತಲೆಶೂಲೆ, ತಲೆ ತಿರುಗು, ಚೇತರಿಸಿದ್ದ ಕೈಕಾಲು ಮತ್ತೆ ಸೋಲುವುದು, ಮಾತು ಮಂದವಾಗುವುದು ಕಂಡರೆ ಬೇಗ ಮುಚ್ಚಬೇಕು. ಹೊರಗಿನ ಗಾಳಿಯ ಒತ್ತಡ ನೇರವಾಗಿ ಮೆದುಳಿನ ಮೇಲೆ ಬಿದ್ದು ಹೀಗಾಗುತ್ತದೆ. ಮುಚ್ಚಿದ ಮೇಲೆ ಕೆಲವರಲ್ಲಿ ದಿನಗಳಲ್ಲೇ ಸುಧಾರಣೆ ಕಾಣುತ್ತದೆ.

ಗಾಯ ಒಣಗಿ, ಸೋಂಕು ಇಲ್ಲದಿದ್ದರೆ ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳೊಳಗೆ ಈ ಕೆಲಸ ಆಗುತ್ತದೆ. ಒಮ್ಮೆ ಕೀವಾಗಿದ್ದರೆ ಆರು ತಿಂಗಳು ಕಾಯುವುದು ರೂಢಿ. ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಗಂಟಲ ಕೊಳವೆ ಹತ್ತಿರದ ಕೀವು ಇದ್ದರೂ ಮೊದಲು ಅವನ್ನು ವಾಸಿ ಮಾಡಬೇಕು. ದೇಹದ ಇನ್ನೊಂದು ಮೂಲೆಯ ಸೋಂಕು ರಕ್ತದ ಮೂಲಕ, ಎಲುಬಿನ ಜಾಗಕ್ಕೆ ಹಾಕುವ ಹೊಸ ಪ್ಲೇಟಿನ ಮೇಲೆ ಹೋಗಿ ಕೂರಬಲ್ಲದು.

ತೆಗೆದ ಎಲುಬು ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು. ಕೆಲವು ಆಸ್ಪತ್ರೆಗಳಲ್ಲಿ ಅದನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುತ್ತಾರೆ. ಆ ಸೌಲಭ್ಯ ಇಲ್ಲದ ಕಡೆ ರೋಗಿಯದೇ ಹೊಟ್ಟೆಯ ಚರ್ಮದ ಕೆಳಗೆ, ಕೊಬ್ಬಿನ ಪದರದಲ್ಲಿ ಜೇಬು ಮಾಡಿ ಇಡುತ್ತಾರೆ. ಹೊಟ್ಟೆಯಲ್ಲಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಯಾವ ಕಡೆ, ಯಾವ ತಾರೀಖು ಎಂದು ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಜಾಗಕ್ಕೆ ಸೂಜಿ ಚುಚ್ಚಬಾರದು. ಫ್ರೀಜರಿನಲ್ಲಿದ್ದರೆ, ಬೇರೆ ಆಸ್ಪತ್ರೆಯಲ್ಲಿ ಮಾಡಿಸುವ ಯೋಚನೆ ಇರುವವರು ಮೊದಲೇ ಕೇಳಬೇಕು. ಎಲುಬನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುವಂತಿಲ್ಲ.

ಸ್ವಂತ ಎಲುಬೇ ಒಳ್ಳೆಯದಲ್ಲವೇ? ಆಕಾರಕ್ಕೆ ಸರಿಯಾಗಿ ಕೂಡುತ್ತದೆ, ಖರ್ಚೂ ಕಡಿಮೆ, ನಿಜ. ಆದರೆ ಮರಳಿ ಕೂಡಿಸಿದ ಎಲುಬು ಜೀವಂತ ಎಲುಬಲ್ಲ. ಅಂಚಿನಿಂದ ಹೊಸ ಎಲುಬು ಬೆಳೆದು ಬರಲು ಅದು ಒಂದು ಹಂದರ ಅಷ್ಟೇ. ಕೆಲವರಲ್ಲಿ ಹೊಸದು ಬೆಳೆಯುವ ಮೊದಲೇ ಹಳೆಯದು ಸವೆದು ಕರಗುತ್ತದೆ. ಮಕ್ಕಳಲ್ಲಿ ಇದು ಹೆಚ್ಚು. ಅಪಘಾತದಲ್ಲಿ ಎಲುಬು ಮೂರ್ನಾಲ್ಕು ಚೂರಾಗಿದ್ದರೂ ಹೆಚ್ಚು. ಹಾಗಾಗಿ ಚೂರಾದ ಎಲುಬನ್ನೇ ಜೋಡಿಸಿ ಹಾಕಿ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಎಲುಬು ಇಲ್ಲದಿದ್ದರೆ ಮೂರು ದಾರಿ. ಟೈಟಾನಿಯಂ ಜಾಲರಿ ತೆಳುವಾದದ್ದು, ಸಾಮಾನ್ಯವಾಗಿ 0.6 ಮಿ.ಮೀ. ದಪ್ಪ. ಇದಕ್ಕೆ ತುಕ್ಕು ಹಿಡಿಯದು, ಎಂಆರ್‌ಐ ಮಾಡಿಸಲೂ ಅಡ್ಡಿಯಿಲ್ಲ, ಚಿತ್ರದಲ್ಲಿ ಆ ಜಾಗ ತುಸು ಮಸುಕಾಗುತ್ತದೆ ಅಷ್ಟೇ. ಏಪ್ರಿಲ್ ಬಿಸಿಲಿಗೆ ಬರಿತಲೆಯಲ್ಲಿ ನಿಂತರೆ ಆ ಭಾಗ ಬಿಸಿಯಾದಂತೆ ಕೆಲವರಿಗೆ ಅನಿಸುತ್ತದೆ. ಸಡಿಲಾದ ಹತ್ತಿ ರುಮಾಲು ಸಾಕು. ಎರಡನೆಯದು ಬೋನ್ ಸಿಮೆಂಟ್. ಅಗ್ಗ, ಟೇಬಲ್ಲಿನ ಮೇಲೆಯೇ ಕಲಸಿ ಆಕಾರ ಕೊಡಬಹುದು. 40 ಗ್ರಾಂ ಪುಡಿಗೆ 20 ಮಿ.ಲೀ. ದ್ರವ. ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಆಗ ಚೆನ್ನಾಗಿ ಕಾಯುತ್ತದೆ. ಆ ಕಾವು ಮೆದುಳಿಗೆ ತಾಗದಂತೆ ಹೊರಗೇ ಅಚ್ಚಿನಲ್ಲಿ ಮಾಡುವುದು, ಅಲ್ಲೇ ಮಾಡಿದರೆ ತಣ್ಣನೆ ಸಲೈನ್ ಸುರಿಯುತ್ತ ಇರುವುದು ಕ್ರಮ. ಮೂರನೆಯದು ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್. ಸಿಟಿ ಸ್ಕ್ಯಾನ್ ಆಧಾರದ ಮೇಲೆ ರೋಗಿಯ ಅಳತೆಗೇ ತಯಾರಾಗುತ್ತದೆ. ಅದಕ್ಕೆ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರಗಳ ಸ್ಕ್ಯಾನ್ ಸಿಡಿ ಬೇಕು. ಕೈಯಲ್ಲಿರುವ ಫಿಲ್ಮ್ ಕೆಲಸಕ್ಕೆ ಬರುವುದಿಲ್ಲ. ಟೈಟಾನಿಯಂ ಜಾಲರಿಗಿಂತ ಪೀಕ್ ಬಹಳ ದುಬಾರಿ. ಹಣೆ, ಕಣ್ಣಿನ ಹುಬ್ಬಿನ ಅಂಚು ಸೇರಿದ ದೊಡ್ಡ ಭಾಗವಾದರೆ ಆ ಖರ್ಚಿಗೆ ಅರ್ಥವಿದೆ. ಕೂದಲಿನೊಳಗೆ ಮುಚ್ಚಿಹೋಗುವ ಜಾಗಕ್ಕೆ ಹೊಲ ಅಡವಿಟ್ಟು ಪೀಕ್ ಹಾಕಿಸಬೇಕಿಲ್ಲ.

ಖರ್ಚಿನ ಮಾತು ಬಂತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ಇದು ತುರ್ತು ಆಪರೇಷನ್ ಅಲ್ಲ, ಮೊದಲೇ ದಿನ ಗೊತ್ತುಮಾಡಿ ಮಾಡುವುದು. ಆದ್ದರಿಂದ ಖಾಸಗಿ ಆಸ್ಪತ್ರೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಮುಂಗಡ ಮಂಜೂರಾತಿ ಎರಡನ್ನೂ ವಿಚಾರಿಸಿಕೊಂಡೇ ಅಡ್ಮಿಟ್ ಆಗಬೇಕು. ಆಯುಷ್ಮಾನ್ ಡೆಸ್ಕಿನಲ್ಲಿ ಬಿಡಿಸಿ ಕೇಳಿ: ಪ್ಲೇಟಿನ ಬೆಲೆ ಪ್ಯಾಕೇಜಿನೊಳಗೆ ಇದೆಯೋ, ಹೊರಗೋ?

ಆಪರೇಷನ್ನಿಗೆ ಮುಂಚಿನ ವಾರಗಳಲ್ಲಿ ಮನೆಯವರ ಕೈಯಲ್ಲಿರುವ ಕೆಲಸವೇ ಹೆಚ್ಚು. ಗುಟ್ಕಾ, ಬೀಡಿ, ತಂಬಾಕು ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಬೇಕು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ, ಹೊಲಿಗೆ ಕೂಡುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ತಿಂಗಳುಗಟ್ಟಲೆ ಗಂಜಿಯ ಮೇಲೇ ಇದ್ದವರಿಗೆ ಮೊಟ್ಟೆ, ಹೆಸರುಕಾಳು, ಹಾಲು, ಶೇಂಗಾ ಹೆಚ್ಚಿಸಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮೊದಲೇ ಹೇಳಬೇಕು. ಸಾಮಾನ್ಯವಾಗಿ ಐದರಿಂದ ಏಳು ದಿನ ಮುಂಚೆ ನಿಲ್ಲಿಸುತ್ತಾರೆ, ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಫಿಟ್ಸ್ ಗುಳಿಗೆಯದು ಬೇರೆ ಲೆಕ್ಕ. ಉಪವಾಸವಿರುವ ಆಪರೇಷನ್ ದಿನದ ಬೆಳಿಗ್ಗೆಯೂ ಅದನ್ನು ಒಂದು ಗುಟುಕು ನೀರಿನಲ್ಲಿ ತಗೊಳ್ಳಬೇಕೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿ. ಹೆಚ್ಚಿನಂಶ ಹೌದು ಎನ್ನುತ್ತಾರೆ. ತಲೆಯನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಬರಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ.

ಆಪರೇಷನ್ ಎರಡು ಮೂರು ತಾಸಿನದು. ಅದರಲ್ಲಿ ಪ್ಲೇಟ್ ಕೂರಿಸುವುದು ಸುಲಭದ ಪಾಲು, ನಾಲ್ಕೈದು ಮಿ.ಮೀ. ಉದ್ದದ ಸಣ್ಣ ಸ್ಕ್ರೂಗಳಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಹಳೆಯ ಗೀರನ್ನು ತೆರೆದು ಚರ್ಮವನ್ನು ಮೆದುಳಿನ ಹೊದಿಕೆಯಿಂದ ಬಿಡಿಸುವಲ್ಲಿ. ಎರಡೂ ಅಂಟಿಕೊಂಡಿರುತ್ತವೆ, ನಡುವೆ ಕಣತಲೆಯ (ಕಣ್ಣು, ಕಿವಿಯ ನಡುವಿನ ಜಾಗದ) ಅಗಿಯುವ ಸ್ನಾಯು ಸಿಕ್ಕಿಕೊಂಡಿರುತ್ತದೆ. ಕೆಳಗೆ ಜಾರಿದರೆ ಹೊದಿಕೆ ಹರಿದು ಮೆದುಳಿನ ನೀರು ಸೋರುತ್ತದೆ. ಮೇಲೆ ಜಾರಿದರೆ ಚರ್ಮ ತೆಳುವಾಗಿ, ಅದಕ್ಕೆ ಬರುವ ರಕ್ತ ಕಡಿಮೆಯಾಗಿ, ಆರು ತಿಂಗಳ ಮೇಲೆ ಪ್ಲೇಟ್ ಹೊರಬರಲು ದಾರಿಯಾಗುತ್ತದೆ. ಒಂದು ಮಾತು ಮೊದಲೇ ಗೊತ್ತಿರಲಿ: ಆ ಸ್ನಾಯು ಸೊರಗಿರುವುದರಿಂದ ಪ್ಲೇಟ್ ಎಷ್ಟೇ ಸರಿಯಾಗಿ ಕೂತರೂ ಕಣ್ಣಿನ ಪಕ್ಕ ಸಣ್ಣ ಕುಳಿ ಉಳಿಯಬಹುದು. ಅದು ಪ್ಲೇಟಿನ ತಪ್ಪಲ್ಲ.

ಮರುದಿನ ಒಂದು ಸಿಟಿ ಸ್ಕ್ಯಾನ್, ಕೆಳಗೆ ರಕ್ತ ನಿಂತಿದೆಯೋ ನೋಡಲು. ಡ್ರೇನ್ ನಳಿಗೆ ಒಂದೆರಡು ದಿನದಲ್ಲಿ ಹೊರಗೆ. ಎರಡನೇ ಮೂರನೇ ದಿನ ಆ ಕಡೆಯ ಕಣ್ಣು ಬಾತು ಮುಚ್ಚಿಕೊಳ್ಳುತ್ತದೆ. ನೋಡಲು ಬಂದ ನೆಂಟರು ಗಾಬರಿಯಾಗುವುದು ಇದಕ್ಕೇ, ವಾರದೊಳಗೆ ಇಳಿಯುತ್ತದೆ. ಅಗಿಯುವ ಸ್ನಾಯುವನ್ನೇ ಬಿಡಿಸಿ ಕೂಡಿಸಿರುವುದರಿಂದ ದವಡೆ ನೋಯುತ್ತದೆ, ಬಾಯಿ ಪೂರ್ತಿ ತೆರೆಯದು. ಮೂರು ವಾರ ಕಟಕ ರೊಟ್ಟಿ ಬೇಡ. ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ, ಇಲ್ಲವೇ ನುಚ್ಚು. ನೋವು ತಗ್ಗಿದಂತೆ ದಿನಕ್ಕೆ ಮೂರು ನಾಲ್ಕು ಸಲ ನಿಧಾನಕ್ಕೆ ಬಾಯಿ ತೆರೆದು ಮುಚ್ಚುವ ಅಭ್ಯಾಸ ಮಾಡಿಸಿ. ಹೊಲಿಗೆಯ ಹಿಂದಿನ ನೆತ್ತಿ ಜೋಮು ಹಿಡಿದಂತೆ, ಇರುವೆ ಹರಿದಂತೆ ತಿಂಗಳುಗಟ್ಟಲೆ ಇರುತ್ತದೆ.

ಹೊಲಿಗೆ ಅಥವಾ ಪಿನ್ನು ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಅಲ್ಲಿಯವರೆಗೂ ಆಮೇಲೂ ಗಾಯಕ್ಕೆ ಅರಿಶಿನ, ಭಂಡಾರ, ಸುಟ್ಟ ಬಟ್ಟೆಯ ಬೂದಿ ಏನೂ ಬೇಡ. ಹಕ್ಕಳೆ ತಾನಾಗಿ ಉದುರುವವರೆಗೆ ಕೊಬ್ಬರಿ ಎಣ್ಣೆಯೂ ಬೇಡ. ಚರ್ಮದ ಕೆಳಗೆ ನೀರು ತುಂಬಿದ ಚೀಲದಂತೆ ಮೆತ್ತಗೆ ಉಬ್ಬಿದರೆ ಊರ ದವಾಖಾನೆಯಲ್ಲಿ ಸೂಜಿ ಹಾಕಿ ತೆಗೆಸಬೇಡಿ. ಬಹಳಷ್ಟು ಸಲ ಅದು ತಾನೇ ಹೀರಿಹೋಗುತ್ತದೆ, ಸೂಜಿ ಒಳಗೆ ಸೋಂಕು ಒಯ್ಯುತ್ತದೆ. ಹೊಲಿಗೆಯಿಂದ ತಿಳಿನೀರು ತೊಟ್ಟಿಕ್ಕುವುದು, ಕೀವು, ಜ್ವರ, ಹೆಚ್ಚುತ್ತ ಹೋಗುವ ಮಂಪರು, ಪದೇ ಪದೇ ವಾಂತಿ, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಅದೇ ದಿನ ಆಪರೇಷನ್ ಆದ ಆಸ್ಪತ್ರೆಗೆ ಬರಬೇಕು.

ಎಂದೂ ಫಿಟ್ಸ್ ಬರದವರಿಗೂ ಈ ಆಪರೇಷನ್ ಆದ ಮೇಲೆ ಬರಬಹುದು. ಬಂದರೆ ಮಗ್ಗುಲಿಗೆ ಹೊರಳಿಸಿ, ಕುತ್ತಿಗೆ ಹತ್ತಿರದ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ ಬೇಡ. ಐದು ನಿಮಿಷ ದಾಟಿದರೆ 108. ಲೈಸೆನ್ಸ್ ಅರ್ಜಿಯ ನಮೂನೆ 1ರಲ್ಲಿ ಮೂರ್ಛೆರೋಗದ ಪ್ರಶ್ನೆ ಸುಮ್ಮನೆ ಇಟ್ಟಿದ್ದಲ್ಲ. ವೈದ್ಯರು ಒಪ್ಪುವವರೆಗೆ ಬೈಕ್, ಟ್ರ್ಯಾಕ್ಟರ್ ಓಡಿಸುವುದು, ಬಾವಿಗೆ ಇಳಿಯುವುದು, ಒಬ್ಬರೇ ಕೆರೆಗೆ ಹೋಗುವುದು ನಿಲ್ಲಬೇಕು. ಗಾಯ ಮಾಗಿದ ಮೇಲೆ ಹಿಂದಿನ ಸೀಟಿನಲ್ಲಿ ಕೂತರೂ ಹೆಲ್ಮೆಟ್ ಬೇಕು. ಹೊಲಿಗೆ ಗೆರೆಯ ಮೇಲೆ ಅದು ಒತ್ತುತ್ತಿದ್ದರೆ, ಒತ್ತದೆ ತಲೆಗೆ ಸರಿಯಾಗಿ ಕೂರುವ ಬೇರೆಯದು ತಗೊಳ್ಳಿ. ಕೂತು ಮಾಡುವ ಕೆಲಸಕ್ಕೆ ಆರು ವಾರ, ಹೊಲದ ಕೆಲಸಕ್ಕೆ ಮೂರು ತಿಂಗಳು. ತಲೆಮೇಲೆ ಹೊರೆ, ಕೊಡ, ಬುಟ್ಟಿ ಮಾತ್ರ ಮೂರು ತಿಂಗಳ ನಂತರವೂ ಬೇಡ. ಹಾವೇರಿ ಕಡೆಯವರು ದೀಪಾವಳಿಗೆ ಹೋರಿ ಬೆದರಿಸುವುದನ್ನು ದೂರದಿಂದ ನೋಡಲಿ.

ಎಲ್ಲ ಸರಿಹೋಯಿತು ಎಂದು ಆಸ್ಪತ್ರೆ ಮರೆತುಬಿಟ್ಟ ಮೇಲೆ, ಎಂಟು ತಿಂಗಳಿಗೋ ಎರಡು ವರ್ಷಕ್ಕೋ ಬರುವ ತೊಂದರೆ ಒಂದಿದೆ. ಹೊಲಿಗೆ ಗೆರೆಯ ಮೇಲೆ, ಹೆಚ್ಚಾಗಿ ಕಣತಲೆಯ ಹತ್ತಿರ, ಉದುರದ ಒಂದು ಹಕ್ಕಳೆ. ಬಾಚಣಿಗೆ ತಾಗಿರಬೇಕು ಅಂದುಕೊಳ್ಳುತ್ತಾರೆ. ಹಕ್ಕಳೆ ಕೆಳಗೆ ಸಾಸಿವೆ ಕಾಳಿನಷ್ಟು ತೂತು, ತೂತಿನೊಳಗೆ ಬೆಳ್ಳಗೆ ಮಿನುಗುವ ಲೋಹ. ಆ ಹೊತ್ತಿಗೆ ಬ್ಯಾಕ್ಟೀರಿಯಾ ಪ್ಲೇಟಿನ ಮೇಲೆ ಲೋಳೆಯ ಪದರ ಕಟ್ಟಿಕೊಂಡಿರುತ್ತದೆ, ಗುಳಿಗೆಯ ಔಷಧ ಅದರೊಳಗೆ ಇಳಿಯುವುದಿಲ್ಲ. ಮೆಡಿಕಲ್ ಶಾಪಿನ ಮುಲಾಮಿನಿಂದ ಮೇಲ್ಗಡೆ ಒಣಗಿದಂತೆ ಕಂಡು ತಿಂಗಳು ಕಳೆದುಹೋಗುತ್ತದೆ. ಬಹಳಷ್ಟು ಸಲ ಪ್ಲೇಟ್ ತೆಗೆದು, ಆಂಟಿಬಯಾಟಿಕ್ ಕೊಟ್ಟು, ಮತ್ತೆ ತಿಂಗಳುಗಟ್ಟಲೆ ಕಾದು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಚರ್ಮ ಬರೀ ತೆಳುವಾಗಿ ಹೊಳೆಯುತ್ತಿರುವಾಗ, ತೂತು ಬೀಳುವ ಮೊದಲೇ ತೋರಿಸಿದರೆ ಪಕ್ಕದ ಚರ್ಮ ಸರಿಸಿ ಹೊಲಿದು ಪ್ಲೇಟನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಕೂದಲು ಬಗೆದು, ಬೆಳಗಿನ ಬೆಳಕಿನಲ್ಲಿ ಇಡೀ ಗೆರೆಯ ಫೋಟೊ ತೆಗೆದು ಹಿಂದಿನ ತಿಂಗಳದರ ಪಕ್ಕ ಇಟ್ಟು ನೋಡಿ. ಬಣ್ಣ ಕೆಂಪಗಾಗಿದ್ದರೆ, ಸ್ಕ್ರೂವಿನ ತಲೆ ಎದ್ದು ಕಾಣುತ್ತಿದ್ದರೆ, ಏನನ್ನೂ ಹಚ್ಚದೆ ಹಾಗೇ ಬಂದು ತೋರಿಸಿ.