ಹಿಂದಕ್ಕೂ ಶಾಕ್ ಬೇಕಾ? ಹಾರ್ಡ್‌ಟೇಲ್ ಮತ್ತು ಫುಲ್ ಸಸ್ಪೆನ್ಷನ್ ನಡುವೆ ಆರಿಸುವುದು

ಪ್ರಶ್ನೆ: ನಾನು ಇರೋದು ಬೆಂಗಳೂರಿನ ಬನಶಂಕರಿ ಕಡೆ. ಭಾನುವಾರ ತುರಹಳ್ಳಿ ಕಡೆಗೆ ಸೈಕಲ್ ಹೊಡೀತೀನಿ. ವರ್ಷಕ್ಕೆ ನಾಲ್ಕೈದು ಸಲ ಸಕಲೇಶಪುರದ ಹತ್ತಿರ ನಮ್ಮೂರಿಗೆ ಹೋದಾಗ ಕಾಫಿ ತೋಟದ ರಸ್ತೆಗಳಲ್ಲೂ ಓಡಿಸುವ ಆಸೆ. ಕೈಯಲ್ಲಿ 80 ಸಾವಿರ ಇದೆ. ಹಾರ್ಡ್‌ಟೇಲ್ ತಗೊಳ್ಳಲಾ, ಫುಲ್ ಸಸ್ಪೆನ್ಷನ್ ತಗೊಳ್ಳಲಾ? ಬೆನ್ನಿಗೆ ಫುಲ್ ಒಳ್ಳೇದು ಅಂತಾರೆ, ನಿಜಾನಾ?

ಉತ್ತರ: ಹಾರ್ಡ್‌ಟೇಲ್ ತಗೊಳ್ಳಿ. ನೀವು ಹೇಳಿದ ದಾರಿಗಳಿಗೆ, ನಿಮ್ಮ ಬಜೆಟ್ಟಿಗೆ, ನನಗೆ ಇದರಲ್ಲಿ ಅನುಮಾನವೇ ಇಲ್ಲ. ಆದರೆ ಮೊದಲ ಎಂಟಿಬಿ, ಅಂದರೆ ಮೌಂಟನ್ ಬೈಕ್, ಕೊಳ್ಳುವ ಹೆಚ್ಚಿನವರು ಇದೇ ಪ್ರಶ್ನೆ ಕೇಳುತ್ತಾರೆ. ಎಲ್ಲರ ಬಜೆಟ್ಟೂ ದಾರಿಯೂ ಒಂದೇ ಇರುವುದಿಲ್ಲ. ಹಾಗಾಗಿ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮುಂದಿನ ಚಕ್ರವನ್ನು ಹಿಡಿದಿರುವ ಕವೆಯಲ್ಲಿ, ಅಂದರೆ ಫೋರ್ಕಿನಲ್ಲಿ ಮಾತ್ರ ಶಾಕ್ ಇದ್ದು, ಹಿಂದೆ ಫ್ರೇಮ್ ಗಟ್ಟಿಯಾಗಿದ್ದರೆ ಅದು ಹಾರ್ಡ್‌ಟೇಲ್. ಹಿಂದಿನ ಚಕ್ರಕ್ಕೂ ಶಾಕ್ ಇದ್ದು, ಫ್ರೇಮಿನ ಹಿಂಭಾಗ ಕೀಲುಗಳ ಮೇಲೆ ಆಡುವಂತಿದ್ದರೆ ಅದು ಫುಲ್ ಸಸ್ಪೆನ್ಷನ್. ಅಂಗಡಿಗಳಲ್ಲಿ ಇದನ್ನು 'ಡಬಲ್ ಶಾಕ್' ಅನ್ನುವುದೂ ಉಂಟು. ಗೊಂದಲ ಶುರುವಾಗುವುದೇ ಇಲ್ಲಿ. ಹದಿನೈದು ಸಾವಿರಕ್ಕೂ ಡಬಲ್ ಶಾಕ್ ಸೈಕಲ್ ಸಿಗುತ್ತದೆ, ಮೂರು ಲಕ್ಷಕ್ಕೂ ಸಿಗುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಒಳಗಿರುವುದು ಮಾತ್ರ ಬೇರೆ ಬೇರೆ. ಆಫೀಸಿನ ಬಾಗಿಲ ಮೇಲೆ ಡೋರ್ ಕ್ಲೋಸರ್ ಹಾಕಿರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ, ಜೊತೆಗೆ ಎಣ್ಣೆ ಇರುತ್ತದೆ. ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ. ಎಣ್ಣೆ ಸಣ್ಣ ತೂತಿನಿಂದ ನಿಧಾನವಾಗಿ ಹರಿಯುವುದರಿಂದ ಬಾಗಿಲು ಮೆಲ್ಲಗೆ ಮುಚ್ಚುತ್ತದೆ. ಎಣ್ಣೆ ಸೋರಿಹೋದ ಬಾಗಿಲು ಧಡಾರ್ ಅಂತ ಬಡಿದುಕೊಳ್ಳುತ್ತದೆ. ಸೈಕಲ್ಲಿನ ಶಾಕ್ ಕೂಡ ಹೀಗೆಯೇ. ಏಟನ್ನು ನುಂಗುವುದು ಸ್ಪ್ರಿಂಗ್ ಅಥವಾ ಒಳಗೆ ತುಂಬಿದ ಗಾಳಿ. ನುಂಗಿದ್ದನ್ನು ವಾಪಸ್ ಒದೆಯದಂತೆ ಹಿಡಿದಿಡುವುದು ಎಣ್ಣೆಯ ಡ್ಯಾಂಪರ್. ಅಗ್ಗದ ಡಬಲ್ ಶಾಕ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಬರೀ ಸ್ಪ್ರಿಂಗ್.

ನನ್ನ ಮೊದಲ ಗೇರ್ ಸೈಕಲ್ ಅಂಥದ್ದೇ. ದೇವನಹಳ್ಳಿ ಕಡೆಯ ಅವತಿ ಬೆಟ್ಟದ ಹತ್ತಿರ ಒಂದು ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಗುಂಡಿಗೆ ಇಳಿಯಿತು. ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು ಚಂಗನೆ ಮೇಲಕ್ಕೆ ಒದೆಯಿತು. ನಾನು ಹ್ಯಾಂಡಲ್ ದಾಟಿ ಮುಂದೆ ಬಿದ್ದೆ. ಅಂಗೈ, ಮೊಣಕೈ ತರಚಿ ಎರಡು ವಾರ ಸೈಕಲ್ ಮುಟ್ಟಲಾಗಲಿಲ್ಲ. ಆರು ತಿಂಗಳಲ್ಲಿ ಹಿಂದಿನ ಕೀಲಿನ ಬುಶ್ ಸವೆದು ಚಕ್ರ ಅಲುಗಾಡತೊಡಗಿತು. ಕೊಂಡ ಅಂಗಡಿಯಲ್ಲಿ ಆ ಬುಶ್ ಸಿಗುವುದೇ ಇಲ್ಲ ಅಂದುಬಿಟ್ಟರು. ಯಾರಾದರೂ ಮಕ್ಕಳಿಗೆ ಇಂಥ ಸೈಕಲ್ ಕೊಡಿಸಲು ಹೊರಟರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. 17, 18 ಕಿಲೋ ಭಾರದ ಸೈಕಲ್ಲನ್ನು ಮಗು ದಿಣ್ಣೆ ಹತ್ತಿಸಬೇಕು, ಅಲ್ವಾ?

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೀಟಿನ ಮೇಲೆ ಜೋರಾಗಿ ಒತ್ತಿ, ಕೈ ತಟ್ಟನೆ ಬಿಡಿ. ಸೀಟು ಪುಟಿದು ಮೇಲೆ ಬಂದು ಮತ್ತೆ ಮತ್ತೆ ಕುಣಿದರೆ ಅದರಲ್ಲಿ ಡ್ಯಾಂಪರ್ ಇಲ್ಲ ಅಥವಾ ಕೆಟ್ಟಿದೆ. ಒಂದೇ ಸಲ ಹಿಡಿತದಲ್ಲಿ ಮೇಲೆ ಬಂದು ನಿಂತರೆ ಇದೆ. ಒಳ್ಳೆಯ ಶಾಕ್‌ಗಳಲ್ಲಿ ಆ ವೇಗ ಹೊಂದಿಸಲು ರೀಬೌಂಡ್ ಅನ್ನುವ ತಿರುಪು ಇರುತ್ತದೆ. ಹೆಚ್ಚಾಗಿ ಕೆಂಪು ಬಣ್ಣದ್ದು.

ಈಗ ದುಡ್ಡಿನ ವಿಷಯ. ಗಾಳಿ ತುಂಬುವ ಶಾಕ್, ಅದಕ್ಕೆ ತಕ್ಕ ಕೀಲು, ಬೇರಿಂಗ್, ಅವನ್ನು ತಡೆದುಕೊಳ್ಳುವ ಫ್ರೇಮ್ ಇವೆಲ್ಲ ಸೇರಿದರೆ ಹೊಸ ಫುಲ್ ಸಸ್ಪೆನ್ಷನ್ ಸೈಕಲ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ನೆಟ್ಟಗೆ ಸಿಗುವುದು ಕಷ್ಟ. 80 ಸಾವಿರಕ್ಕೆ ಯಾರಾದರೂ ಕೊಟ್ಟರೆ, ಹಿಂದಿನ ಶಾಕ್‌ಗೆ ಖರ್ಚು ಮಾಡಿದ್ದನ್ನು ಇನ್ನೆಲ್ಲೋ ಉಳಿಸಿರುತ್ತಾರೆ. ಬ್ರೇಕಿನಲ್ಲಿ, ಮುಂದಿನ ಫೋರ್ಕಿನಲ್ಲಿ, ಚಕ್ರದಲ್ಲಿ. ಇಳಿಜಾರಿನಲ್ಲಿ ನಿಮ್ಮನ್ನು ಕಾಪಾಡುವುದು ಆ ಮೂರೇ. ಅದೇ ದುಡ್ಡಿಗೆ ಹಾರ್ಡ್‌ಟೇಲ್ ಕೊಂಡರೆ ಆ ಮೂರೂ ಒಂದು ಮೆಟ್ಟಿಲು ಮೇಲಿನವು ಸಿಗುತ್ತವೆ. ತೂಕದಲ್ಲೂ ಒಂದೆರಡು ಕಿಲೋ ಇಳಿಯುತ್ತದೆ.

'ಆದರೆ ದೊಡ್ಡ ರೇಸುಗಳಲ್ಲಿ ಎಲ್ಲರೂ ಫುಲ್ ಓಡಿಸ್ತಾರಲ್ಲ' ಅಂತ ಕೇಳುವವರಿದ್ದಾರೆ. ನಿಜ, ಈಗ ಹಾಗೇ ಇದೆ. ಆದರೆ ಅದು ಒಂದೇ ದಿನದಲ್ಲಿ ಆದದ್ದಲ್ಲ. ಒಲಿಂಪಿಕ್ಸಿಗೆ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ಬಂದದ್ದು 1996ರ ಅಟ್ಲಾಂಟಾದಲ್ಲಿ. ಮುಂದೆ ಎಷ್ಟೋ ವರ್ಷ ದೊಡ್ಡ ಓಟಗಾರರು ಹಾರ್ಡ್‌ಟೇಲನ್ನೇ ನಂಬಿದ್ದರು. ಯಾಕೆಂದರೆ ಅದು ಹಗುರ, ಏರಿನಲ್ಲಿ ಚುರುಕು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದರು. ಹಾರ್ಡ್‌ಟೇಲ್ ಮೇಲಿದ್ದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಎರಡನೆಯವರಾದರು. ಒಂದೂವರೆ ಗಂಟೆ ಹತ್ತಿರದ ಓಟದಲ್ಲಿ ಇಬ್ಬರ ನಡುವಿನ ಅಂತರ ಒಂದು ಸೆಕೆಂಡು! ನಾಲ್ಕು ವರ್ಷದ ನಂತರ ರಿಯೋದಲ್ಲಿ ಶುರ್ಟರ್ ಕೂಡ ಫುಲ್ ಸಸ್ಪೆನ್ಷನ್ ಏರಿ ಚಿನ್ನ ತಂದರು. ದುಡ್ಡಿನ ಮಿತಿ ಇಲ್ಲದ, ಮೆಕ್ಯಾನಿಕ್ ಪಕ್ಕದಲ್ಲೇ ಇರುವ ಓಟಗಾರರ ನಡುವೆ ಅಂತರ ಇಷ್ಟು. ನಮಗೆ ಮಿತಿ ಇದೆ. ಮೆಕ್ಯಾನಿಕ್ ಹುಡುಕಿಕೊಂಡು ಹೋಗಬೇಕು.

ಫುಲ್ ಸಸ್ಪೆನ್ಷನ್ನಿನ ನಿಜವಾದ ಗುಣಗಳನ್ನೂ ಹೇಳಬೇಕು. ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಬೇರು, ಕಲ್ಲು ತುಂಬಿದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹಾರ್ಡ್‌ಟೇಲಿನ ಹಿಂದಿನ ಚಕ್ರ ಪುಟಿಯುತ್ತದೆ, ಜಾರುತ್ತದೆ. ಫುಲ್ ಅಲ್ಲಿ ನೆಲವನ್ನು ಸವರಿಕೊಂಡು ಇಳಿಯುತ್ತದೆ. ಇನ್ನೊಂದು ಸಂಗತಿ ಕೊಳ್ಳುವಾಗ ಕಣ್ಣಿಗೆ ಕಾಣುವಂಥದ್ದಲ್ಲ. ಹಾರ್ಡ್‌ಟೇಲಿನಲ್ಲಿ ಫೋರ್ಕ್ ಕೆಳಗೆ ಕೂತರೆ ಇಡೀ ಸೈಕಲ್ ಮುಂದಕ್ಕೆ ಬಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ. ಫುಲ್‌ನಲ್ಲಿ ಎರಡೂ ಕಡೆ ಕೂರುವುದರಿಂದ ಸೈಕಲ್ ಅಷ್ಟು ಬಾಗದೆ ಸಮನಾಗಿ ಇರುತ್ತದೆ. ಕಡಿದಾದ ಜಾಗದಲ್ಲಿ ಇದು ಕೊಡುವ ಧೈರ್ಯ ದೊಡ್ಡದು. ಏರಿನಲ್ಲಿ ಫುಲ್ ಯಾವಾಗಲೂ ಸೋಲುತ್ತದೆ ಅನ್ನುವುದೂ ತಪ್ಪು. ಡಾಂಬರು, ಗಟ್ಟಿ ಮಣ್ಣಿನ ಏರಿನಲ್ಲಿ ಪ್ರತಿ ಪೆಡಲಿಗೂ ಹಿಂಭಾಗ ಕುಣಿದು ಶಕ್ತಿ ಸುಮ್ನೆ ಪೋಲಾಗುತ್ತದೆ, ಹೌದು. ಅದಕ್ಕೇ ಶಾಕ್ ಆಡದಂತೆ ಬಿಗಿಯುವ ಲಾಕ್‌ಔಟ್ ಕೊಟ್ಟಿರುತ್ತಾರೆ. ಆದರೆ ಸಡಿಲ ಕಲ್ಲಿನ ಏರಿನಲ್ಲಿ ಹಿಡಿತ ಜಾಸ್ತಿ ಸಿಗುವುದು ಫುಲ್‌ಗೇ.

ಇನ್ನು ಬೆನ್ನು. ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲು ನನಗೆ ಇಷ್ಟವಿಲ್ಲ. ನಿಮಗೆ ಡಿಸ್ಕ್ ತೊಂದರೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಅದಿಲ್ಲದೆ ಬರೀ ಸವಾರಿ ಆದ ಮೇಲೆ ಸೊಂಟ ಹಿಡಿದುಕೊಳ್ಳುತ್ತದೆ ಅಂದರೆ, ನಾನು ನೋಡಿರುವಂತೆ ಕಾರಣ ಮೂರು. ಸೈಕಲ್ಲಿನ ಅಳತೆ ಸರಿಯಿಲ್ಲ. ಕಲ್ಲಿನ ಮೇಲೂ ಸೀಟಿನಲ್ಲೇ ಕೂತಿರುತ್ತೀರಿ. ಟೈರಿಗೆ ಗಾಳಿ ವಿಪರೀತ ಹಾಕಿದ್ದೀರಿ.

ಮೂರನೆಯದರ ಮೇಲೆ ಸ್ವಲ್ಪ ನಿಲ್ಲುತ್ತೇನೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಹಳೆಯ ಭಾರದ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುವ ರೇಸ್ ಶುರುಮಾಡಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್ ಅಂತಲೇ ಹೆಸರು ಬಂತು. ಆ ಸೈಕಲ್ಲುಗಳಿಗೆ ಮುಂದೆಯೂ ಶಾಕ್ ಇರಲಿಲ್ಲ, ಹಿಂದೆಯೂ ಇರಲಿಲ್ಲ. ರಾಕ್‌ಶಾಕ್ಸ್ ಕಂಪನಿ ತನ್ನ ಮೊದಲ ಫೋರ್ಕ್ ಆರ್‌ಎಸ್-1 ತಂದದ್ದೇ 1989ರ ಹೊತ್ತಿಗೆ. ಅಲ್ಲಿಯವರೆಗೆ ದಪ್ಪ ಟೈರು ಮತ್ತು ಸವಾರನ ಕೈಕಾಲುಗಳೇ ಶಾಕ್.

ಈಗಲೂ ನೆಲದ ಸಣ್ಣ ಸಣ್ಣ ಏಟುಗಳನ್ನು ಮೊದಲು ನುಂಗುವುದು ಟೈರೇ. ಪಂಕ್ಚರ್ ಅಂಗಡಿಯಲ್ಲಿ ಬೆರಳಿಂದ ಒತ್ತಿ ನೋಡಿ ಕಲ್ಲಿನಂತಾಗುವ ತನಕ ಗಾಳಿ ಹೊಡೆಯುತ್ತಾರೆ. ಅದು 45, 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟಿರುತ್ತದೆ. 70 ಕಿಲೋ ತೂಗುವವರು 2.3 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 21, ಹಿಂದೆ 24ರ ಆಸುಪಾಸು ಹಾಕಿ ನೋಡಿ. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ತೂತಾಗುತ್ತದೆ, 30ರ ಹತ್ತಿರ ಇಡಿ. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ) ಹಾಕಿದರೆ ಜಾಲಿ ಮುಳ್ಳಿನ ಕಾಟವೂ ತಪ್ಪುತ್ತದೆ. ತುರಹಳ್ಳಿ ಕಡೆ ಓಡಾಡುವವರಿಗೆ ಮುಳ್ಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಒರಟು ಜಾಗ ಬಂದಾಗ ಎರಡೂ ಪೆಡಲ್ ಸಮನಾಗಿ ಇಟ್ಟು, ಸೀಟಿನಿಂದ ಎದ್ದು, ಮೊಣಕಾಲು ಮೊಣಕೈ ಸಡಿಲ ಬಿಟ್ಟು ನಿಲ್ಲಿ. ಇಷ್ಟು ಮಾಡಿದ ಮೇಲೂ ಬೆನ್ನು ನೋಯುತ್ತಿದ್ದರೆ, ಗಂಟೆಗಟ್ಟಲೆ ಒರಟು ದಾರಿಯಲ್ಲಿ ಕೂತೇ ಓಡಿಸಬೇಕಾಗಿದ್ದರೆ, ಆಗ ಫುಲ್ ನಿಜಕ್ಕೂ ಸಹಾಯ ಮಾಡುತ್ತದೆ.

ಕೊಂಡ ಮೇಲಿನ ಖರ್ಚು ಅಂಗಡಿಯಲ್ಲಿ ಯಾರೂ ಎತ್ತದ ಮಾತು. ಗಾಳಿಯ ಶಾಕ್ ಮತ್ತು ಫೋರ್ಕಿನ ಕೆಳಭಾಗವನ್ನು ಸುಮಾರು 50 ಗಂಟೆ ಸವಾರಿಗೊಮ್ಮೆ ಬಿಚ್ಚಿ ಎಣ್ಣೆ, ಸೀಲು ನೋಡಬೇಕು ಅಂತ ಕೆಲವು ತಯಾರಕರು ಹೇಳುತ್ತಾರೆ. ವಾರಕ್ಕೆ ಮೂರು ಗಂಟೆ ಓಡಿಸಿದರೂ ನಾಲ್ಕು ತಿಂಗಳಿಗೊಮ್ಮೆ ಆಯಿತು. ಹಾರ್ಡ್‌ಟೇಲಿನಲ್ಲಿ ಅದು ಫೋರ್ಕ್ ಒಂದಕ್ಕೆ. ಫುಲ್‌ನಲ್ಲಿ ಹಿಂದಿನ ಶಾಕೂ ಸೇರುತ್ತದೆ, ಮೇಲೆ ಕೀಲುಗಳ ಬೇರಿಂಗ್. ಮಲೆನಾಡಿನ ಮಳೆಗಾಲದ ಕೆಂಪು ಕೆಸರು ಆ ಬೇರಿಂಗ್‌ಗಳಿಗೆ ಶತ್ರು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಇನ್ನೂ ದೊಡ್ಡ ಶತ್ರು, ಗ್ರೀಸೆಲ್ಲ ಕಿತ್ತುಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ಶಾಕ್ ಬಿಚ್ಚಿ ಸರಿಮಾಡುವವರು ಸಿಗುತ್ತಾರೆ. ನಿಮ್ಮೂರ ಹತ್ತಿರದ ಸೈಕಲ್ ಅಂಗಡಿಯವರು ಹಾರ್ಡ್‌ಟೇಲಿನ ರಿಮ್ಮಿನ ಬೆಂಡ್ ತೆಗೆದಾರು, ಚೈನ್ ಹಾಕಿಯಾರು. ಹಿಂದಿನ ಶಾಕ್ ಕೈಕೊಟ್ಟರೆ ಅದನ್ನು ಕೊರಿಯರ್ ಮಾಡಬೇಕಾದೀತು.

ಹಾಗಾದರೆ ಫುಲ್ ಯಾರಿಗೆ? ಒಂದೆರಡು ವರ್ಷ ಹಾರ್ಡ್‌ಟೇಲ್ ಓಡಿಸಿ, ಇಳಿಜಾರಿನಲ್ಲಿ ಅದರ ಮಿತಿ ಇಂಥಲ್ಲೇ ಅಂತ ಬೆರಳಿಟ್ಟು ತೋರಿಸಬಲ್ಲವರಿಗೆ. ಉದ್ದುದ್ದ ಕಲ್ಲಿನ ಇಳಿಜಾರುಗಳನ್ನೇ ಹುಡುಕಿ ಹೋಗುವವರಿಗೆ. ಕೈಯಲ್ಲಿ ಎರಡು ಲಕ್ಷದ ಸುತ್ತಮುತ್ತ ಇದ್ದು, ವರ್ಷದ ಸರ್ವಿಸ್ ಖರ್ಚನ್ನು ಬೇರೆ ಎತ್ತಿಡಬಲ್ಲವರಿಗೆ. ಅಂಥವರಿಗೆ 120ರಿಂದ 140 ಮಿಲಿಮೀಟರ್ ಟ್ರಾವೆಲ್ (ಶಾಕ್ ಇರುವ ಕಡೆ ಚಕ್ರ ಮೇಲೆ ಕೆಳಗೆ ಆಡುವ ದೂರ) ಇರುವ ಟ್ರೇಲ್ ಬೈಕ್ ಸಾಕು. 160, 170 ಇರುವ, ಕಡಿದಾದ ಇಳಿಜಾರಿಗೆಂದೇ ಮಾಡಿದ ಎಂಡ್ಯೂರೊ ಬೈಕನ್ನು ನಮ್ಮ ದಿಣ್ಣೆಗಳಲ್ಲಿ ಹತ್ತಿಸುವುದೇ ಕಷ್ಟ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಸೀಟು ಹಿಡಿದು ಹಿಂದಿನ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಎತ್ತಿ. 'ಟಕ್' ಅಂದರೆ ಕೀಲು ಅಥವಾ ಶಾಕಿನ ಬುಶ್ ಸವೆದಿದೆ. ಫೋರ್ಕಿನ ನುಣುಪು ಕೊಳವೆಯ ಮೇಲೆ ಉಗುರಿಗೆ ಸಿಗುವಷ್ಟು ಗೀರಿದ್ದರೆ ಬೇಡ.

ನಿಮ್ಮ 80 ಸಾವಿರಕ್ಕೆ ಬರೋಣ. 68, 70 ಸಾವಿರದೊಳಗೆ ಸೈಕಲ್ ನೋಡಿ. ಉಳಿದದ್ದು ಹೆಲ್ಮೆಟ್, ಗ್ಲೌಸ್, ಟ್ಯೂಬ್‌ಲೆಸ್ ಕಿಟ್, ಶಾಕ್ ಪಂಪಿಗೆ ಇರಲಿ. ರೀಬೌಂಡ್ ತಿರುಪು ಇರುವ 120 ಮಿಲಿಮೀಟರ್ ಗಾಳಿಯ ಫೋರ್ಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 29 ಇಂಚಿನ ಚಕ್ರ, ಮುಂದೆ ಪೆಡಲಿನ ಹತ್ತಿರ ಒಂದೇ ಚೈನ್‌ರಿಂಗ್ (ಹಲ್ಲಿನ ಚಕ್ರ). ಎತ್ತರ ಕಡಿಮೆ ಇದ್ದರೆ 27.5 ಇಂಚಿನ ಚಕ್ರವೂ ಆಗುತ್ತದೆ. ಎರಡು ಸೈಕಲ್ ನಡುವೆ ಮನಸ್ಸು ಹೊಯ್ದಾಡಿದರೆ ಗೇರಿನ ಸಂಖ್ಯೆ ನೋಡಬೇಡಿ, ಫ್ರೇಮ್ ನೋಡಿ. ಹೆಡ್ ಟ್ಯೂಬ್ (ಫ್ರೇಮಿನಲ್ಲಿ ಫೋರ್ಕ್ ಕೂರುವ ಮುಂದಿನ ಕೊಳವೆ) ಕೆಳಗೆ ದಪ್ಪವಾಗಿದ್ದು, ಎರಡೂ ಚಕ್ರಕ್ಕೆ ಥ್ರೂ ಆಕ್ಸಲ್ (ಹಬ್ಬಿನ ಒಳಗೆ ಆರುಪಾರು ಹೋಗುವ ದಪ್ಪ ಅಚ್ಚು) ಇದ್ದರೆ ಮುಂದೆ ಒಳ್ಳೆಯ ಫೋರ್ಕ್, ಚಕ್ರ ಹಾಕಿಕೊಳ್ಳಬಹುದು. ಗೇರ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಫ್ರೇಮ್ ಆಗುವುದಿಲ್ಲ.

ತುರಹಳ್ಳಿ ಅರಣ್ಯ ಇಲಾಖೆಯ ಕಾಡು. ಎಲ್ಲಿ, ಯಾವಾಗ ಬಿಡುತ್ತಾರೆ ಅಂತ ವಿಚಾರಿಸಿಕೊಂಡೇ ಒಳಗೆ ಹೋಗಿ.

ಕೊಂಡ ದಿನವೇ ಅಂಗಡಿಯಲ್ಲಿ ಸ್ಯಾಗ್, ಅಂದರೆ ನಿಮ್ಮ ತೂಕಕ್ಕೆ ಫೋರ್ಕ್ ಎಷ್ಟು ಕೂರುತ್ತದೆ ಅನ್ನುವುದನ್ನು, ಹೊಂದಿಸಿಕೊಳ್ಳಿ. ಹೆಲ್ಮೆಟ್, ಬ್ಯಾಗ್ ಎಲ್ಲ ಹಾಕಿಕೊಂಡು ಪೆಡಲ್ ಮೇಲೆ ನಿಲ್ಲಿ, ಸೈಕಲ್ಲನ್ನು ಒಬ್ಬರು ಹಿಡಿದಿರಲಿ. ಫೋರ್ಕಿನ ಕೊಳವೆಯ ಮೇಲಿನ ರಬ್ಬರ್ ರಿಂಗನ್ನು ಕೆಳಗೆ ಸೀಲಿನವರೆಗೆ ತಳ್ಳಿಸಿ, ಕುಲುಕದೆ ಇಳಿಯಿರಿ. ರಿಂಗ್ ಸೀಲಿನಿಂದ 24 ಮಿಲಿಮೀಟರ್ ಹತ್ತಿರ ನಿಂತಿರಬೇಕು, ಅಂದರೆ 120ರಲ್ಲಿ ಐದನೇ ಒಂದು ಭಾಗ. ಅದಕ್ಕಿಂತ ಕಡಿಮೆ ಇದ್ದರೆ ಗಾಳಿ ಬಿಡಿ, ಜಾಸ್ತಿ ಇದ್ದರೆ ತುಂಬಿ. ಸರಿಹೋದ ಮೇಲೆ ಆ ಪಿಎಸ್‌ಐ ಅಂಕಿಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಊರಿಗೆ ಹೋದಾಗ ಬೇಕಾಗುತ್ತದೆ.